ಡಸ್ಟರ್ ಸರ್ ಬರೆದ ಮೂರು ಕಾಗದಗಳು

ನಮ್ಮೂರಿನಲ್ಲಿ ತಿಳಿಯದೆ ಬರೆದದ್ದು ನಿಲ್ಲುವುದಿಲ್ಲ. ಕಾಗದದ ಮೇಲಾದರೆ ಹೊತ್ತು ಮುಳುಗುವವರೆಗೆ ಇರುತ್ತದೆ, ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಾದರೆ ಅರ್ಧ ಗಂಟೆ. ಆಮೇಲೆ ಖಾಲಿ. ಅಚ್ಚಿನ ಅಕ್ಷರಕ್ಕೆ ಈ ಕಾಟವಿಲ್ಲ, ಕೈಬರಹಕ್ಕೆ ಮಾತ್ರ. ಹೊರಗಿನವರು ಕೇಳಿದರೆ ಬಾಯಿ ಬಿಡುತ್ತಾರೆ. ನಮಗೆ ಇದರಲ್ಲಿ ಅಂಥದ್ದೇನೂ ಕಾಣುವುದಿಲ್ಲ. ಔಷಧದಂಗಡಿಯವನು ಡಾಕ್ಟರ ಚೀಟಿಯನ್ನು ನಕಲು ಮಾಡುವ ಗೋಜಿಗೆ ಹೋಗದೆ ಚೀಟಿಯನ್ನೇ ಕಿತ್ತಿಟ್ಟುಕೊಳ್ಳುತ್ತಾನೆ. ಅತ್ತೆ ಹೇಳಿದ ಸಾರಿನ ಪುಡಿಯ ಅಳತೆಯನ್ನು ಬರೆದಿಟ್ಟುಕೊಂಡ ಸೊಸೆ, ಒಂದು ಸಲ ತಾನೇ ಹುರಿದು ಕುಟ್ಟುವವರೆಗೂ ದಿನಾ ಬೆಳಿಗ್ಗೆ ಹೋಗಿ ಮತ್ತೆ ಕೇಳಬೇಕು. ಲಗ್ನಪತ್ರಿಕೆಯ ಮೇಲೆ ಶ್ಲೋಕ ಬರೆದುಕೊಡುವ ಪುರೋಹಿತರು "ಸಂಜೆಯೊಳಗೆ ಓದಿಬಿಡಿ" ಎಂದು ಹೇಳಿಯೇ ಕೊಡುತ್ತಾರೆ. ಅವರಿಗೂ ಅದರಲ್ಲಿ ನಾಚಿಕೆಯಿಲ್ಲ, ನಮಗೂ ಇಲ್ಲ.

ಹಾಗಾಗಿ ಮುಖ್ಯವಾದ ಯಾವ ಕಾಗದವನ್ನೂ ಬರೆದ ದಿನವೇ ಓದುವ ಪದ್ಧತಿ ನಮ್ಮಲ್ಲಿಲ್ಲ. ಅದನ್ನು ಬೀರುವಿನೊಳಗಿಟ್ಟು ಬೀಗ ಹಾಕಿ ಮಾರನೆಯ ಬೆಳಿಗ್ಗೆ ತೆಗೆಯುತ್ತಾರೆ. ಇದಕ್ಕೆ ತಣಿಸುವುದು ಎಂದು ಹೆಸರು. ಕಾಲೇಜಿನ ಉತ್ತರಪತ್ರಿಕೆಗಳನ್ನೂ ತಣಿಸುತ್ತಿದ್ದೆವು. ಬೆಳಿಗ್ಗೆ ಕಟ್ಟು ಬಿಚ್ಚಿದರೆ ಅರ್ಧಕ್ಕರ್ಧ ಬಿಳಿ ಹಾಳೆ. ಬಾಯಿಪಾಠ ಮಾಡಿ ಬರೆದದ್ದೆಲ್ಲ ಹೋಗಿ, ಉಳಿದದ್ದಕ್ಕೆ ಮಾತ್ರ ಅಂಕ. ಪಾಸಾಗುವವರು ಕಡಿಮೆ. ಆದರೆ ಪಾಸಾದವರನ್ನು ಹೊಳೆಯಾಚೆಯ ಊರುಗಳಲ್ಲಿ ಎರಡನೆಯ ಪ್ರಶ್ನೆ ಕೇಳದೆ ಕೆಲಸಕ್ಕೆ ತೆಗೆದುಕೊಳ್ಳುತ್ತಿದ್ದರು. ತೆಗೆದುಕೊಳ್ಳುತ್ತಿದ್ದರು ಎಂದು ಬರೆದಿದ್ದೇನೆ, ಗಮನಿಸಿ. ಈಗ ತೆಗೆದುಕೊಳ್ಳುವುದಿಲ್ಲ. ಅದರಲ್ಲಿ ನನ್ನ ಪಾಲೂ ಇದೆ, ಅದನ್ನು ಹೇಳಲಿಕ್ಕೇ ಕೂತಿದ್ದೇನೆ.

ನಾನು ಆ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಗಣಿತ ಹೇಳಿದವನು. ಹೆಸರು ವೆಂಕಟಾಚಲಯ್ಯ, ಕಡೆಯ ಹದಿನಾಲ್ಕು ವರ್ಷ ವಿಭಾಗದ ಮುಖ್ಯಸ್ಥ. ಹುಡುಗರು ಹಿಂದಿನಿಂದ ಕರೆಯುತ್ತಿದ್ದದ್ದು ಡಸ್ಟರ್ ಸರ್ ಎಂದು. ಬೋರ್ಡಿನ ಮೇಲೆ ಬರೆದದ್ದನ್ನು ಇಪ್ಪತ್ತೈದು ನಿಮಿಷಕ್ಕಿಂತ ಹೆಚ್ಚು ಉಳಿಯಗೊಡದೆ ಒರೆಸುತ್ತಿದ್ದೆ. ಅದನ್ನು ನನ್ನ ಅಚ್ಚುಕಟ್ಟು ಎಂದು ತಿಳಿದವರೇ ಹೆಚ್ಚು. ಪ್ರಿನ್ಸಿಪಾಲರೊಬ್ಬರು ಸ್ಟಾಫ್ ಮೀಟಿಂಗಿನಲ್ಲಿ ನನ್ನನ್ನು ತೋರಿಸಿ, "ಬೋರ್ಡು ಅಂದ್ರೆ ಹಾಗಿರ್ಬೇಕು" ಎಂದು ಹೊಗಳಿದ್ದೂ ಉಂಟು. ನಾನು ತಲೆ ತಗ್ಗಿಸಿ ಸಂಕೋಚಪಟ್ಟಿದ್ದೆ. ಎಂಥ ಸಂಕೋಚ!

ನಿಜ ಸಂಗತಿ ಇಷ್ಟು. ಗಣಿತದಲ್ಲಿ ಲಿಮಿಟ್ ಎಂಬ ಒಂದು ಪಾಠವಿದೆ. ಮುಂದಿನ ಪಾಠಗಳೆಲ್ಲ ಅದರ ಮೇಲೆ ನಿಂತಿವೆ. ಅದರ ವ್ಯಾಖ್ಯೆ ಎರಡು ಸಾಲು: ಎಪ್ಸಿಲಾನ್ ಎಷ್ಟೇ ಚಿಕ್ಕದಿರಲಿ, ಅದಕ್ಕೆ ತಕ್ಕ ಒಂದು ಡೆಲ್ಟಾ ಸಿಕ್ಕೇ ಸಿಗುತ್ತದೆ, ಇತ್ಯಾದಿ. ಈ ಎರಡು ಸಾಲನ್ನು ನಾನು ನಿದ್ದೆಯಲ್ಲಿ ಎಬ್ಬಿಸಿದರೂ ಹೇಳಬಲ್ಲೆ. ಅದರ ಮೇಲಿನ ಲೆಕ್ಕಗಳನ್ನು ಅಚ್ಚು ಹಾಕಿದ ಹಾಗೆ ಮಾಡಬಲ್ಲೆ. ಆದರೆ ಅದು ಏನು ಹೇಳುತ್ತಿದೆ, ಎಪ್ಸಿಲಾನ್ ಯಾಕೆ ಮೊದಲು ಬರಬೇಕು, ಡೆಲ್ಟಾ ಯಾಕೆ ಆಮೇಲೆ ಬರಬೇಕು ಎಂಬುದು ನನ್ನ ತಲೆಗೆ ಯಾವತ್ತೂ ಹತ್ತಲಿಲ್ಲ. ಎರಡನ್ನೂ ಅದಲುಬದಲು ಮಾಡಿ ಹೇಳಿದ್ದರೂ ನನಗೆ ವ್ಯತ್ಯಾಸ ಗೊತ್ತಾಗುತ್ತಿರಲಿಲ್ಲ. ನಾನು ಡಿಗ್ರಿ ಮಾಡಿದ್ದು ಬೇರೆ ಊರಿನಲ್ಲಿ. ಅಲ್ಲಿ ಯಾರು ಏನು ಬರೆದರೂ ನಿಲ್ಲುತ್ತದೆ.

ಇಲ್ಲಿ ಕೆಲಸಕ್ಕೆ ಸೇರಿದ ಮೊದಲನೆಯ ವರ್ಷವೇ, ಪಾಠದ ನಡುವೆ ತಿರುಗಿ ನೋಡುತ್ತೇನೆ, ಬೋರ್ಡಿನ ಎಡಗಡೆಯ ಎರಡು ಸಾಲು ಮಾತ್ರ ಮಂಕಾಗುತ್ತಿದೆ. ಡಸ್ಟರು ತೆಗೆದುಕೊಂಡು ಸರಸರ ಒರೆಸಿದೆ. ಅವತ್ತಿನಿಂದ ಎಲ್ಲವನ್ನೂ ಒರೆಸತೊಡಗಿದೆ, ಒಂದನ್ನೇ ಒರೆಸಿದರೆ ಅನುಮಾನ ಬರುತ್ತದೆಂದು. ಸಂಜೆಗೆ ಮಕ್ಕಳ ನೋಟ್‌ಬುಕ್ಕಿನಲ್ಲಿ ಆ ಪುಟಗಳು ಬಿಳಿಯಾಗುತ್ತಿದ್ದವು. ಮಾರನೆಯ ದಿನ ಅವರನ್ನು ನಿಲ್ಲಿಸಿ, "ನಿಮಗೆ ಗಮನ ಇಲ್ಲ, ತಲೇಲಿ ಸಗಣಿ ತುಂಬ್ಕೊಂಡಿದೀರಿ" ಎಂದು ಬೈಯುತ್ತಿದ್ದೆ. ನನಗೆ ತಿಳಿಯದ ಪಾಠ ಅವರಿಗೆ ತಿಳಿಯಲಿಲ್ಲವೆಂದು ಮೂವತ್ತು ವರ್ಷ ಅವರನ್ನೇ ಬೈದೆ.

ಚಂಪಕಾ ಎಂಬ ಹುಡುಗಿ ತಾತ್ಕಾಲಿಕ ಉಪನ್ಯಾಸಕಿಯಾಗಿ ಬಂದದ್ದು ನಾನು ನಿವೃತ್ತನಾಗುವುದಕ್ಕೆ ನಾಲ್ಕು ವರ್ಷ ಮುಂಚೆ. ಇಪ್ಪತ್ತೆಂಟರ ವಯಸ್ಸು, ಹೆಗಲಿಗೊಂದು ಬಟ್ಟೆಯ ಚೀಲ, ಮಾತಿನಲ್ಲಿ ಯಾರಿಗೂ ಹೆದರದ ಒಂದು ಸಲಿಗೆ. ಬಂದ ವಾರದಲ್ಲೇ ಆಡಳಿತ ಮಂಡಳಿಯ ಕಾರ್ಯದರ್ಶಿ ಪುಟ್ಟರಂಗಪ್ಪನವರ ಕೋಣೆಗೆ ಹೋಗಿ, ಕಬ್ಬಿಣದ ಬೀರುವಿನಲ್ಲಿದ್ದ ಟ್ಯಾಬ್‌ಗಳನ್ನು ಕೇಳಿದಳು. ನಲವತ್ತೆರಡು ಟ್ಯಾಬ್‌ಗಳು. ನಾಲ್ಕು ವರ್ಷದ ಹಿಂದೆ ದೀಪ ಹಚ್ಚಿ ಉದ್ಘಾಟನೆ ಮಾಡಿ ಒಳಗಿಟ್ಟವು, ಮೇಲಿನ ಪ್ಲಾಸ್ಟಿಕ್ಕನ್ನೂ ಕಿತ್ತಿರಲಿಲ್ಲ. ಅತಿಥಿಗಳು ಬಂದಾಗ ಬೀರು ತೆರೆದು ತೋರಿಸಿ ಮುಚ್ಚುವುದೊಂದೇ ಅವುಗಳ ಕೆಲಸವಾಗಿತ್ತು. ನಾನೂ ಅಲ್ಲೇ ಕೂತಿದ್ದೆ.

"ಮಕ್ಕಳ ಕೈಗೆ ಕೊಟ್ರೆ ಕೆಟ್ಟೋಗಲ್ವೇನಮ್ಮ?" ಎಂದರು ಪುಟ್ಟರಂಗಪ್ಪ.

"ಬೀರುನಲ್ಲಿದ್ರೂ ಕೆಡ್ತವೆ ಸರ್. ಇಲ್ನೋಡಿ, ಎರಡರ ಬ್ಯಾಟರಿ ಆಗ್ಲೇ ಊದ್ಕೊಂಡಿದೆ."

ಅವರು ನನ್ನ ಮುಖ ನೋಡಿದರು. ನಾನು ಉದಾರವಾಗಿ ಕೈ ಆಡಿಸಿದೆ. ಈ ಹುಡುಗಿ ಒಂದು ತಿಂಗಳು ಆಟವಾಡಿ ಸುಮ್ಮನಾಗುತ್ತಾಳೆ ಎಂದುಕೊಂಡಿದ್ದೆ.

ಅವಳ ಪಾಠವನ್ನು ನಾನು ಮೊದಲು ಕೇಳಿದ್ದು, ನೋಡಿದ್ದಲ್ಲ. ಸ್ಟಾಫ್ ರೂಮಿನವರೆಗೆ ಗದ್ದಲ. ಜಗಳವೇ ಹತ್ತಿದೆಯೆಂದು ಎದ್ದು ಹೋದೆ. ಕಿಟಕಿಯಿಂದ ನೋಡಿದರೆ ಚಂಪಕಾ ಗೋಡೆಗೊರಗಿ ಸುಮ್ಮನೆ ನಿಂತಿದ್ದಾಳೆ, ನಲವತ್ತು ಮಕ್ಕಳೂ ಮಾತಾಡುತ್ತಿದ್ದಾರೆ. ಪರದೆಯ ಮೇಲೆ ಒಂದು ಪ್ರಶ್ನೆ: ಸೊನ್ನೆ ಬಿಂದು ಒಂಬತ್ತು ಒಂಬತ್ತು ಒಂಬತ್ತು, ಹೀಗೆ ಕೊನೆಯೇ ಇಲ್ಲದೆ ಬರೆದರೆ ಅದು ಒಂದಕ್ಕೆ ಸಮವೋ, ಒಂದಕ್ಕಿಂತ ಕಡಿಮೆಯೋ? ಕೆಳಗೆ ಎರಡು ಬಣ್ಣದ ಕಂಬ. ಪ್ರತಿಯೊಬ್ಬರೂ ತಮ್ಮ ಟ್ಯಾಬಿನಲ್ಲಿ ಉತ್ತರ ಒತ್ತಿದ್ದಾರೆ; ಯಾರು ಏನು ಒತ್ತಿದರೆಂದು ಕಾಣುವುದಿಲ್ಲ, ಎಷ್ಟು ಜನ ಎಂಬುದು ಮಾತ್ರ ಕಂಬದಲ್ಲಿ ಕಾಣುತ್ತದೆ. ಮೂವತ್ತೊಂದು ಜನ ಕಡಿಮೆ ಎಂದಿದ್ದಾರೆ, ಒಂಬತ್ತು ಜನ ಸಮ ಎಂದಿದ್ದಾರೆ. ಯಾವುದು ಸರಿಯೆಂದು ಚಂಪಕಾ ಹೇಳಲೇ ಇಲ್ಲ. "ಐದು ನಿಮಿಷ. ಪಕ್ಕದವರನ್ನ ಒಪ್ಸಿ. ಆಮೇಲೆ ಇನ್ನೊಂದ್ಸಲ ಒತ್ತೋಣ," ಎಂದಳು ಅಷ್ಟೆ.

ಮೂರನೆಯ ಬೆಂಚಿನಲ್ಲಿ ರುದ್ರಾಣಿ ಎದ್ದು ನಿಂತಿದ್ದಳು. ಹಂಚಿನ ಕಾರ್ಖಾನೆಯ ಮೇಸ್ತ್ರಿಯ ಮಗಳು. ನನ್ನ ಪಾಠ ಕೇಳಿ ಎರಡು ಸಲ ಫೇಲಾಗಿ ಮೂರನೆಯ ಸಲ ಕೂತವಳು. ಪಕ್ಕದವಳ ಕಡೆ ಕೈ ಬೀಸಿಕೊಂಡು ಕೂಗುತ್ತಿದ್ದಳು: "ಕಡಿಮೆ ಅಂತೀಯಲ್ಲ, ಎಷ್ಟು ಕಡಿಮೆ ಹೇಳೇ! ಒಂದು ಸಂಖ್ಯೆ ಹೇಳು. ನೀನು ಎಷ್ಟು ಚಿಕ್ಕದು ಹೇಳಿದ್ರೂ ನಾನು ಇನ್ನೊಂದಷ್ಟು ಒಂಬತ್ತು ಹಾಕಿ ಅದರೊಳಕ್ಕೆ ಬರ್ತೀನಿ!" ಪಕ್ಕದವಳು ಒಂದು ಸಂಖ್ಯೆ ಹೇಳಿದಳು. ರುದ್ರಾಣಿ ಒಂಬತ್ತು ಎಣಿಸಿದಳು. ಅವಳು ಇನ್ನೂ ಚಿಕ್ಕದು ಹೇಳಿದಳು. ಇವಳು ಮತ್ತೆ ಎಣಿಸಿದಳು. ಸುತ್ತಲಿನವರು ತಿರುಗಿ ಕೂತರು. ಎರಡನೆಯ ಸಲ ಒತ್ತಿದಾಗ ಮೂವತ್ತಾರು ಜನ ಸಮ ಎಂದಿದ್ದರು.

ಆಮೇಲೆ ಟ್ಯಾಬಿನಲ್ಲಿ ಒಂದು ಆಟ. ಇಬ್ಬಿಬ್ಬರೇ ಆಡಬೇಕು. ಒಬ್ಬಳು ಗ್ರಾಫಿನ ಗೆರೆಯ ಸುತ್ತ ಅಡ್ಡಪಟ್ಟಿಯೊಂದನ್ನು ಬೆರಳಿನಿಂದ ಕಿರಿದು ಮಾಡುತ್ತಾಳೆ. ಇನ್ನೊಬ್ಬಳು ಗೆರೆ ಆ ಪಟ್ಟಿಯಿಂದಾಚೆ ಹೋಗದ ಹಾಗೆ ಉದ್ದಪಟ್ಟಿಯೊಂದನ್ನು ಕೂರಿಸಬೇಕು. ಕೂರಿಸಿದರೆ ಹಸಿರು ದೀಪ. ಕಡೆಯ ಹತ್ತು ನಿಮಿಷ ಟ್ಯಾಬ್‌ಗಳನ್ನು ಬೋರಲು ಹಾಕಿಸಿ, "ಈಗ ಆಡಿದ್ದೇನು, ನಿಮ್ಮ ಮಾತಲ್ಲಿ ಕಾಗದದ ಮೇಲೆ ಬರೀರಿ" ಎನ್ನುತ್ತಿದ್ದಳು. ಆ ಕಾಗದಗಳನ್ನು ತಣಿಸಿ ಮಾರನೆಯ ಬೆಳಿಗ್ಗೆ ಬಿಚ್ಚುತ್ತಿದ್ದಳು. ಒಂದೆರಡು ಬೆಳಿಗ್ಗೆ ಬೀರು ತೆರೆಯುವಾಗ ನಾನೂ ಅಲ್ಲಿದ್ದೆ, ರುದ್ರಾಣಿಯ ಕಾಗದ ಹಾಗೇ ನಿಂತಿತ್ತು. ಬಿಳಿಯಾದವರನ್ನು ಬೈಯುತ್ತಿರಲಿಲ್ಲ. ಅವರನ್ನು ಅಕ್ಷರ ನಿಂತವರ ಪಕ್ಕದಲ್ಲಿ ಕೂರಿಸಿ ಮತ್ತೆ ಆಡಿಸುತ್ತಿದ್ದಳು.

ನಾನು ಕಿಟಕಿಯಲ್ಲಿ ನಿಂತದ್ದನ್ನು ಅವಳು ನೋಡಿಬಿಟ್ಟಳು. ಹೊರಗೆ ಬಂದು, "ಒಳಗೆ ಬನ್ನಿ ಸರ್, ಒಬ್ಬಳ ಜೊತೆಯವಳು ಎದ್ದು ಮನೆಗೆ ಹೋದ್ಲು, ನೀವು ಕೂತ್ಕೊಳ್ಳಿ," ಎಂದಳು. ವ್ಯಂಗ್ಯವಿರಲಿಲ್ಲ ಅದರಲ್ಲಿ, ನಿಜವಾಗಿಯೂ ಕರೆದಳು. ನನ್ನ ಕಾಲು ಒಂದು ಹೆಜ್ಜೆ ಮುಂದಕ್ಕೂ ಹೋಗಿತ್ತು. ರುದ್ರಾಣಿ ಆ ಒಂಬತ್ತುಗಳನ್ನು ಎಣಿಸುವಾಗ ನನ್ನ ತಲೆಯೊಳಗೆ ಏನೋ ಅಲುಗಿದ ಹಾಗಾಗಿತ್ತು. ಆದರೆ ಮುಖ್ಯಸ್ಥನಾದವನು ಹುಡುಗಿಯರ ಪಕ್ಕ ಕೂತು ಗೆರೆ ಎಳೆಯುವುದೇ? "ನನಗೆ ಬೇರೆ ಕೆಲಸ ಇದೆಯಮ್ಮ" ಎಂದು ಬಂದುಬಿಟ್ಟೆ. ಬೇರೆ ಕೆಲಸವೇನೂ ಇರಲಿಲ್ಲ. ಸ್ಟಾಫ್ ರೂಮಿನಲ್ಲಿ ಕೂತು ಹಳೆಯ ಪೇಪರು ಓದಿದೆ.

ಅದೇ ಮಕ್ಕಳಿಗೆ ನಾನು ಇನ್ನೊಂದು ಪತ್ರಿಕೆ ಹೇಳುತ್ತಿದ್ದೆ. ಅದರಲ್ಲೂ ಒಂದು ಕಡೆ ಆ ಎರಡು ಸಾಲು ಬಂದೇ ಬರುತ್ತದೆ. ಎಂದಿನಂತೆ ಬರೆದೆ, ಎಂದಿನಂತೆ ಡಸ್ಟರು ಎತ್ತಿದೆ.

"ಸರ್, ಇವತ್ತೊಂದಿನ ಅಳಿಸ್ಬೇಡಿ," ಎಂದಳು ರುದ್ರಾಣಿ.

"ಯಾಕೆ?"

"ನೀವು ಎಪ್ಸಿಲಾನ್ ಆದ್ಮೇಲೆ ಡೆಲ್ಟಾ ಅಂತ ಬರೆದ್ರಿ. ಯಾಕೆ ಆ ಕ್ರಮ ಅಂತ ನಾವು ಮಾತಾಡ್ಕೋಬೇಕು. ಚಂಪಕಾ ಮೇಡಂ ಹಾಗೇ ಬಿಡ್ತಾರೆ."

"ಚಂಪಕಾ ಮೇಡಂ ಕ್ಲಾಸಲ್ಲ ಇದು" ಎಂದು ಒರೆಸಿದೆ. ಸುಣ್ಣದ ಪುಡಿ ಅಂಗಿಯ ಮೇಲೆಲ್ಲ ಬಿತ್ತು. ಅವಳು ನನ್ನನ್ನೇ ನೋಡುತ್ತಿದ್ದಳು. ಅವಳಿಗೆ ಅನುಮಾನ ಬಂದಿತ್ತೋ ಇಲ್ಲವೋ ನನಗೆ ಇವತ್ತಿಗೂ ಖಚಿತವಿಲ್ಲ, ಆದರೆ ಬಂದೇಬಿಟ್ಟಿದೆ ಎಂದು ಅವತ್ತು ನನಗನ್ನಿಸಿತು. ಇನ್ನೊಂದು ವರ್ಷ ಹೀಗೇ ನಡೆದರೆ ಇಡೀ ಕ್ಲಾಸು ಎದ್ದುನಿಂತು ಡಸ್ಟರು ಕೆಳಗಿಡಿ ಎನ್ನುತ್ತದೆ ಎಂದು ಹೆದರಿದೆ. ನನ್ನ ಹೆಸರು, ಮುಖ್ಯಸ್ಥನ ಕುರ್ಚಿ, ಬೀದಿಯಲ್ಲಿ ಸಿಗುವ ನಮಸ್ಕಾರ, ಎಲ್ಲ ಆ ಡಸ್ಟರಿನ ಕೆಳಗಿತ್ತು.

ಆ ಹೊತ್ತಿಗೇ ಪುಟ್ಟರಂಗಪ್ಪ ಹೇಳಿಕಳಿಸಿದರು. ಪೋಷಕರಿಂದ ದೂರು: ಮಕ್ಕಳು ನೋಟ್ಸ್ ಬರೆಯುತ್ತಿಲ್ಲ, ಕ್ಲಾಸಿನಲ್ಲಿ ಬರೀ ವಾದ. ಅಲ್ಲದೆ ಯಾವುದೋ ಕಂಪನಿಯವನು ಬಂದು ಬೇರೊಂದು ದಾರಿ ತೋರಿಸಿದ್ದ. ನೋಟ್ಸನ್ನೆಲ್ಲ ಟ್ಯಾಬಿಗೆ ತುಂಬಿಸಿ, ಪರೀಕ್ಷೆಯನ್ನೂ ಟ್ಯಾಬಿನಲ್ಲೇ ಮಾಡಿದರೆ ಮಾಸುವ ತಾಪತ್ರಯವೇ ಇಲ್ಲ, ಎಲ್ಲರೂ ಪಾಸು.

"ನೀವು ದೊಡ್ಡೋರು, ಗಣಿತ ತಿಳಿದೋರು. ಈ ಹುಡುಗಿ ಪಾಠದ ಬಗ್ಗೆ ಕೈಯಾರೆ ಒಂದು ವರದಿ ಬರ್ದುಕೊಡಿ. ತಣಿಸಿ ನೋಡೋಣ," ಎಂದರು ಪುಟ್ಟರಂಗಪ್ಪ.

ಅದು ನಾನು ಬರೆದ ಮೊದಲನೆಯ ಕಾಗದ. ಒಂದೂವರೆ ಪುಟ. ತರಗತಿಯ ಗದ್ದಲ ಸ್ಟಾಫ್ ರೂಮಿನವರೆಗೆ ಕೇಳಿಸುತ್ತದೆ ಎಂದು ಬರೆದೆ, ಕೇಳಿಸುತ್ತಿತ್ತು. ಪಠ್ಯದಲ್ಲಿ ಮೂರು ಅಧ್ಯಾಯ ಹಿಂದಿದ್ದಾಳೆ ಎಂದು ಬರೆದೆ, ಹಿಂದಿದ್ದಳು. ಸರಳವಾದ ಒಂದು ಪ್ರಶ್ನೆಗೆ ನಲವತ್ತರಲ್ಲಿ ಮೂವತ್ತೊಂದು ವಿದ್ಯಾರ್ಥಿಗಳು ತಪ್ಪು ಉತ್ತರ ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ, ಉಪನ್ಯಾಸಕಿ ಅದನ್ನು ತಿದ್ದಲಿಲ್ಲ ಎಂದು ಬರೆದೆ. ಒಂದಕ್ಷರ ಸುಳ್ಳಿಲ್ಲ. ಎರಡನೆಯ ಸಲ ಒತ್ತಿದ್ದನ್ನು ಮಾತ್ರ ಬರೆಯಲಿಲ್ಲ. ಬರೆಯದೆ ಬಿಟ್ಟದ್ದು ಮಾಸುವುದಿಲ್ಲವಲ್ಲ.

ಬರೆದು ಮುಗಿಸಿ, ನಾನು ಮಾಡುತ್ತಿರುವುದು ಅನ್ಯಾಯವಾದರೆ ನಾಳೆ ಇದು ಬಿಳಿಯಾಗಿರಲಿ ಎಂದುಕೊಂಡೆ. ಹಾಗೆಂದುಕೊಂಡು ಮನಸ್ಸು ಹಗುರ ಮಾಡಿಕೊಂಡೆ. ಬೆಳಿಗ್ಗೆ ಬೀರು ತೆರೆದರು. ಮೊದಲ ಸಾಲಿನಿಂದ ನನ್ನ ಸಹಿಯವರೆಗೆ ಒಂದು ಚುಕ್ಕೆಯೂ ಮಾಸಿರಲಿಲ್ಲ. ಪುಟ್ಟರಂಗಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು, ಮಂಡಳಿಯವರಿಗೆಲ್ಲ ಒಂದೊಂದಾಗಿ ತೋರಿಸಿ, "ತಣಿದು ನಿಂತಿದೆ. ಇನ್ನು ಮಾತೇನಿದೆ?" ಎಂದರು. ನಮ್ಮೂರಿನವರು ತಲೆತಲಾಂತರದಿಂದ ಮಾಡಿಕೊಂಡು ಬಂದ ತಪ್ಪು ಇದು. ಮಾಸಿದ್ದನ್ನೆಲ್ಲ ಸುಳ್ಳು, ನಿಂತದ್ದನ್ನೆಲ್ಲ ನಿಜ ಎಂದು ನಂಬುವುದು. ನಿಲ್ಲುವುದಕ್ಕೆ ತಿಳಿದು ಬರೆದಿದ್ದರೆ ಸಾಕು. ನಾನು ಏನು ಮಾಡುತ್ತಿದ್ದೇನೆಂದು ನನಗೆ ಚೆನ್ನಾಗಿ ತಿಳಿದಿತ್ತು.

ಚಂಪಕಾ ಕಾಗದವನ್ನು ಕೈಗೆ ತೆಗೆದುಕೊಂಡು ಎರಡು ಸಲ ಓದಿದಳು. ಅಳಲಿಲ್ಲ, ವಾದಿಸಲೂ ಇಲ್ಲ. ದಿನವಿಡೀ ಮಕ್ಕಳಿಗೆ ವಾದಿಸುವುದನ್ನು ಕಲಿಸುತ್ತಿದ್ದವಳು.

"ತಿಳ್ಕೊಂಡೇ ಬರ್ದಿದೀರಿ ಸರ್," ಎಂದಳು.

ಮಂಡಳಿಯವರು ಅವಳು ತಪ್ಪು ಒಪ್ಪಿಕೊಂಡಳೆಂದು ತಲೆಯಾಡಿಸಿದರು. ನನಗೆ ಮಾತ್ರ ಅದು ಹೋಗಬೇಕಾದಲ್ಲಿಗೆ ಹೋಗಿ ತಾಗಿತು. ತಿಂಗಳ ಕೊನೆಗೆ ಅವಳನ್ನು ಬಿಡುಗಡೆ ಮಾಡಿದರು. ಹೋಗುವ ದಿನ ಟ್ಯಾಬ್‌ಗಳನ್ನೆಲ್ಲ ಚಾರ್ಜ್ ಮಾಡಿ, ಬಟ್ಟೆಯಲ್ಲಿ ಒರೆಸಿ, ಎಣಿಸಿ ನನ್ನ ಮೇಜಿನ ಮೇಲಿಟ್ಟಳು. "ಆಟ ಇವುಗಳಲ್ಲಿ ಹಾಗೇ ಇದೆ ಸರ್. ನಿಮಗೆ ಯಾವಾಗಾದ್ರೂ ಬೇಕಾದ್ರೆ ಜೊತೆಗೆ ಯಾರಾದ್ರೂ ಒಬ್ಬರು ಕೂತ್ಕೋಬೇಕು ಅಷ್ಟೆ." ಮಾರನೆಯ ವಾರ ಕಂಪನಿಯವನು ಬಂದು ಎಲ್ಲವನ್ನೂ ಅಳಿಸಿ ನೋಟ್ಸ್ ತುಂಬಿದ. ನಾನೇ ಬರೆದ ನೋಟ್ಸ್.

ಮುಂದಿನ ಮೂರು ವರ್ಷ ನಮ್ಮ ಕಾಲೇಜಿಗೆ ಹಬ್ಬ. ಬೋರ್ಡು ಹೋಗಿ ಗೋಡೆಯ ಮೇಲೆ ದೊಡ್ಡ ಸ್ಕ್ರೀನು ಬಂತು. ಅದರ ಮೇಲೆ ಏನು ತೋರಿಸಿದರೂ ನಿಲ್ಲುತ್ತದೆ. ನನಗೆ ಡಸ್ಟರಿನ ಹಂಗು ತಪ್ಪಿತು. ಮಕ್ಕಳು ಟ್ಯಾಬಿನಲ್ಲಿ ನನ್ನ ಎರಡು ಸಾಲನ್ನು ಓದಿ, ಪರೀಕ್ಷೆಯಲ್ಲಿ ನಾಲ್ಕು ಉತ್ತರಗಳಲ್ಲಿ ಅದನ್ನೇ ಗುರುತಿಸಿ ಒತ್ತಿದರು. ನೂರಕ್ಕೆ ತೊಂಬತ್ತೆಂಟು ಪಾಸು. ಪುಟ್ಟರಂಗಪ್ಪ ಪೆಟ್ಟಿಗೆಗಟ್ಟಲೆ ಲಾಡು ಹಂಚಿದರು, ನಾನೂ ತಿಂದೆ. ಅದೇ ಟ್ಯಾಬು, ಚಂಪಕಾ ಅದನ್ನು ಮಕ್ಕಳನ್ನು ಮಾತಾಡಿಸಲಿಕ್ಕೆ ಬಳಸಿದ್ದಳು, ನಾವು ಬಾಯಿ ಮುಚ್ಚಿಸಲಿಕ್ಕೆ ಬಳಸಿದೆವು. ಹೊಳೆಯಾಚೆಯ ಊರಿನವರು ಎರಡು ವರ್ಷ ನೋಡಿದರು. ನಮ್ಮ ಪದವೀಧರರಿಗೆ ಲೆಕ್ಕ ಬರುವುದಿಲ್ಲವೆಂದು ಕಂಡುಕೊಂಡರು. ಆಮೇಲೆ ನಮ್ಮ ಸರ್ಟಿಫಿಕೇಟನ್ನು ತಿರುಗಿಸಿಯೂ ನೋಡದಾದರು.

ನಾನು ನಿವೃತ್ತನಾಗುವ ವಾರ, ಬುಧವಾರ, ರುದ್ರಾಣಿ ಕಾಲೇಜಿಗೆ ಬಂದಳು. ಅವಳೂ ಪಾಸಾಗಿದ್ದಳು, ಫಸ್ಟ್ ಕ್ಲಾಸು, ಉಳಿದವರೆಲ್ಲರ ಹಾಗೆ. ಅವಳೊಬ್ಬಳಿಗೆ ಪಾಠ ಬರುತ್ತದೆಂದು ಆ ಅಂಕಪಟ್ಟಿ ನೋಡಿ ಯಾರೂ ಹೇಳುವಂತಿರಲಿಲ್ಲ. ಆಚೆ ದಡದ ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಕೆಲಸ ಖಾಲಿಯಿತ್ತು. ಹೋಗಿ ಬಂದಿದ್ದಳು.

"ನಮ್ಮ ಕಾಲೇಜಿನ ಸರ್ಟಿಫಿಕೇಟು ಬೇಡ ಅಂದ್ರು ಸರ್. ನನ್ನ ಹಳೇ ಕಾಗದಗಳನ್ನ ತೋರಿಸ್ದೆ, ಚಂಪಕಾ ಮೇಡಂ ತಣಿಸಿದ್ದು. ಇದನ್ನ ನೀನು ಎಲ್ಲಿ ಕೂತು ಬರ್ದಿಯೋ ನಮಗೇನು ಗೊತ್ತು, ಬೇರೆ ಊರಲ್ಲಿ ಬರೆದ್ರೆ ಏನಾದ್ರೂ ನಿಲ್ಲುತ್ತೆ ಅಂದ್ರು."

"ಪ್ರಶ್ನೆ ಕೇಳಿ ನೋಡ್ಬಹುದಿತ್ತಲ್ಲ?"

"ಕೇಳೋಕೆ ಅಲ್ಲಿ ಯಾರಿಗಾದ್ರೂ ಗೊತ್ತಿದ್ರೆ ತಾನೆ? ಅದಕ್ಕೇ ಅಲ್ವಾ ಟೀಚರ್ ಹುಡುಕ್ತಿರೋದು." ಅವಳು ನಕ್ಕಳು. ಆಮೇಲೆ ನಗು ನಿಲ್ಲಿಸಿ, "ನಿಮ್ಮ ಕೈಬರಹದಲ್ಲಿ ಒಂದು ಕಾಗದ ತಂದ್ರೆ ತಗೋತೀವಿ ಅಂದಿದಾರೆ ಸರ್. ಕಾಲೇಜಿನ ಮೊಹರು ಹಾಕಿ. ಒಳ್ಳೆ ಹುಡುಗಿ ಅಂತ ಬರೆದ್ರೆ ಸಾಲದಂತೆ. ಏನು ಬರುತ್ತೆ, ಹೇಗೆ ಬರುತ್ತೆ ಅಂತ ಬಿಡಿಸಿ ಬರೀಬೇಕಂತೆ. ತಣಿಸಿ ನೋಡ್ತಾರಂತೆ," ಎಂದಳು.

ಆಗಲ್ಲ ಎನ್ನಬಹುದಿತ್ತು. ಆದರೆ ಅವಳು ನನ್ನ ಮುಂದೆ ನಂಬಿಕೆಯಿಂದ ನಿಂತಿದ್ದಳು, ಮೂವತ್ತು ವರ್ಷದ ಅಭ್ಯಾಸಬಲದಿಂದ ನನ್ನ ಕೈ ಪೆನ್ನಿಗೆ ಹೋಯಿತು. ಅದು ಎರಡನೆಯ ಕಾಗದ. ಕುಮಾರಿ ರುದ್ರಾಣಿ ಲಿಮಿಟ್ಟಿನ ತತ್ವವನ್ನು ಬಲ್ಲಳು, ಎಪ್ಸಿಲಾನ್ ಎಷ್ಟೇ ಚಿಕ್ಕದಿರಲಿ ಅದಕ್ಕೆ ತಕ್ಕ ಡೆಲ್ಟಾ ಏಕೆ ಸಿಗುತ್ತದೆಂದು ವಿವರಿಸಬಲ್ಲಳು, ಎಂದು ಮುಕ್ಕಾಲು ಪುಟ ಚಂದದ ಅಕ್ಷರದಲ್ಲಿ ಬರೆದೆ. ಮೊಹರು ಒತ್ತಿದೆ. ಅವಳು ಅದನ್ನು ಎರಡು ಕೈಯಲ್ಲಿ ತೆಗೆದುಕೊಂಡು ಹೋದಳು. ಒಂದು ವೇಳೆ ನಿಂತರೂ ನಿಲ್ಲಬಹುದು ಎಂದು ಬಯಸಿದೆ. ನಿಜವಾಗಿ ಬಯಸಿದೆ. ಬಯಸಿದ ಮಾತ್ರಕ್ಕೆ ತಿಳಿಯುವುದಿಲ್ಲ.

ಶುಕ್ರವಾರ ಬೆಳಿಗ್ಗೆ ವಾಪಸು ಬಂದಳು. ಕಾಗದವನ್ನು ನನ್ನ ಮೇಜಿನ ಮೇಲೆ ಬಿಡಿಸಿಟ್ಟಳು. ಮೇಲೆ ಅವಳ ಹೆಸರಿತ್ತು. ಕೆಳಗೆ ನನ್ನ ಸಹಿ, ಮೊಹರು. ನಡುವೆ ಏನೂ ಇರಲಿಲ್ಲ.

ಇಬ್ಬರೂ ಆ ಬಿಳಿಯನ್ನು ನೋಡಿದೆವು. ಅವಳ ಮುಖದಲ್ಲಿ ಒಂದೊಂದೇ ಲೆಕ್ಕ ಕೂಡಿಬರುತ್ತಿದ್ದದ್ದು ನನಗೆ ಕಾಣುತ್ತಿತ್ತು: ಡಸ್ಟರು, ನೋಟ್‌ಬುಕ್ಕು, ಎರಡು ಸಲ ಫೇಲಾದದ್ದು, ಚಂಪಕಾ ಹೋದದ್ದು.

"ನಾನು ದಡ್ಡಿ ಅಂತ ತಿಳ್ಕೊಂಡಿದ್ದೆ ಸರ್," ಎಂದಳು. "ಎರಡು ವರ್ಷ. ಅಪ್ಪ ಓದು ಬಿಡಿಸ್ತೀನಿ ಅಂದಾಗ ನಾನೂ ಹೂಂ ಅಂದಿದ್ದೆ."

ಬೈದಿದ್ದರೆ ಚೆನ್ನಾಗಿತ್ತು. ಅವಳು ಬೈಯಲಿಲ್ಲ, ಕುರ್ಚಿ ಎಳೆದುಕೊಂಡು ಎದುರಿಗೆ ಕೂತಳು.

"ನಿಮಗೆ ತಿಳಿದಿರೋದನ್ನ ಬರ್ದುಕೊಡಿ ಸರ್. ಅದಾದ್ರೆ ನಿಲ್ಲುತ್ತೆ."

"ಏನಂತ ಬರೀಲಮ್ಮ?"

"ನಿಮಗೆ ಬರಲ್ಲ ಅಂತ. ನನಗೆ ಬರುತ್ತೆ ಅಂತ. ನನ್ನ ಕಾಗದ ಇದೇ ಕಾಲೇಜಿನ ಬೀರುನಲ್ಲಿ ತಣಿದು ನಿಂತಿದ್ದನ್ನ ನೀವು ನೋಡಿದೀರಿ ಅಂತ." ಅವಳ ಧ್ವನಿ ಮ್ಯಾನೇಜರ ಹತ್ತಿರ ರಜ ಕೇಳುವವರ ಧ್ವನಿಯಷ್ಟೇ ಮೆತ್ತಗಿತ್ತು. "ಶನಿವಾರ ಮಧ್ಯಾಹ್ನ ಹನ್ನೆರಡರ ಲಾಂಚೇ ಕೊನೆ ಸರ್. ಅಷ್ಟರೊಳಗೆ ತಂದ್ರೆ ನೋಡ್ತೀವಿ ಅಂದಿದಾರೆ. ನಾನು ದಡದಲ್ಲಿ ಕಾಯ್ತಿರ್ತೀನಿ."

ಅವತ್ತು ಮನೆಗೆ ಹೋಗಿ ಮೂರನೆಯ ಕಾಗದ ಬರೆದೆ. ನಾಲ್ಕೇ ಸಾಲು. ಲಿಮಿಟ್ಟಿನ ಪಾಠ ನನಗೆ ತಿಳಿದಿಲ್ಲ. ಮೂವತ್ತೊಂದು ವರ್ಷ ತಿಳಿಯದೆಯೇ ಹೇಳಿದೆ. ಈ ಹುಡುಗಿಗೆ ತಿಳಿದಿದೆ; ಅವಳು ಬರೆದದ್ದು ನಮ್ಮ ಬೀರುವಿನಲ್ಲಿ ನಿಂತದ್ದನ್ನು ಕಂಡಿದ್ದೇನೆ. ಅವಳಿಗೆ ಕಲಿಸಿದ ಚಂಪಕಾ ಅವರನ್ನು ಅನ್ಯಾಯವೆಂದು ತಿಳಿದೇ ಕಳಿಸಿದೆ. ಬರೆದು, ಕಾಲೇಜಿನಿಂದ ತಂದಿದ್ದ ಮೊಹರು ಒತ್ತಿ ಮೇಜಿನ ಖಾನೆಯಲ್ಲಿಟ್ಟೆ. ಶನಿವಾರ ಬೆಳಿಗ್ಗೆ ತೆಗೆದು ನೋಡಿದರೆ ನಾಲ್ಕು ಸಾಲೂ ಕಪ್ಪಗೆ, ಗಟ್ಟಿಯಾಗಿ ಕೂತಿದ್ದವು.

ಸ್ನಾನ ಮಾಡಿ ಒಗೆದ ಅಂಗಿ ತೊಟ್ಟು ಕಾಗದವನ್ನು ಜೇಬಿಗಿಟ್ಟೆ. ಚಪ್ಪಲಿ ಮೆಟ್ಟುವ ಹೊತ್ತಿಗೆ ಪುಟ್ಟರಂಗಪ್ಪ ಬಂದರು. ಭಾನುವಾರ ನನ್ನ ಸನ್ಮಾನವಿತ್ತು, ಆಹ್ವಾನಪತ್ರಿಕೆ ತೋರಿಸಲು ತಂದಿದ್ದರು. ಹಳೆಯ ವಿದ್ಯಾರ್ಥಿಗಳು ಮುನ್ನೂರು ಜನ ಬರುತ್ತಾರಂತೆ. ಹೊಳೆಯಾಚೆಯ ಹೈಸ್ಕೂಲಿನ ಹೆಡ್‌ಮಾಸ್ತರರಿಗೂ ಕೊಟ್ಟಿದ್ದಾರಂತೆ. ಅವರು ಹೋದ ಮೇಲೆ ನಾನು ಜಗಲಿಯ ಮೇಲೆ ಕೂತೆ. ಈ ಕಾಗದ ಇವತ್ತು ಹೊಳೆ ದಾಟಿದರೆ ನಾಳೆ ಆ ಹೆಡ್‌ಮಾಸ್ತರು ಮೊದಲ ಸಾಲಿನಲ್ಲಿ ಕೂತು ನನ್ನನ್ನು ಯಾವ ಕಣ್ಣಿನಿಂದ ನೋಡುತ್ತಾರೆ? ಒಂದು ದಿನ. ಒಂದೇ ಒಂದು ದಿನ ಕಳೆಯಲಿ, ಸೋಮವಾರ ನಾನೇ ಲಾಂಚು ಹತ್ತಿ ಹೋಗಿ ಕೈಯಾರೆ ಕೊಟ್ಟು, ಕಾಲು ಹಿಡಿದಾದರೂ ಒಪ್ಪಿಸುತ್ತೇನೆ ಎಂದುಕೊಂಡೆ. ಹಾಗೆಂದುಕೊಂಡು ಚಪ್ಪಲಿ ಬಿಚ್ಚಲೂ ಇಲ್ಲ, ಏಳಲೂ ಇಲ್ಲ. ಹನ್ನೆರಡರ ಲಾಂಚು ಕೂಗಿದ್ದು ಜಗಲಿಗೆ ಕೇಳಿಸಿತು.

ಸನ್ಮಾನ ಚೆನ್ನಾಗಿಯೇ ಆಯಿತು. ಶಾಲು, ಪೇಟ, ಹಣ್ಣಿನ ಬುಟ್ಟಿ. ಪುಟ್ಟರಂಗಪ್ಪ ಮೈಕು ಹಿಡಿದು, "ನಮ್ಮ ವೆಂಕಟಾಚಲಯ್ಯನವರು ಬೋರ್ಡಿನ ಮೇಲೆ ಬರೆದದ್ದು ಈ ಊರಿನ ಮನಸ್ಸಿನಿಂದ ಎಂದೂ ಅಳಿಸುವುದಿಲ್ಲ" ಎಂದರು. ಮುನ್ನೂರು ಜನ ಚಪ್ಪಾಳೆ ತಟ್ಟಿದರು. ಹೈಸ್ಕೂಲಿನ ಹೆಡ್‌ಮಾಸ್ತರು ಬಂದೇ ಇರಲಿಲ್ಲ. ರುದ್ರಾಣಿ ಬಂದಿದ್ದಳು. ಕೊನೆಯ ಸಾಲಿನಲ್ಲಿ, ಅಪ್ಪನ ಪಕ್ಕದಲ್ಲಿ, ಕೈ ಮಡಿಲ ಮೇಲಿಟ್ಟುಕೊಂಡು ಕೂತಿದ್ದಳು.

ಜನ ಕರಗಿದ ಮೇಲೆ ನಾನು ಅವಳ ಹತ್ತಿರ ಹೋಗಿ ಜೇಬಿಗೆ ಕೈ ಹಾಕಿದೆ. ಶಾಲು ಜಾರಿ ಬಿತ್ತು. ಅವಳೇ ಬಗ್ಗಿ ಎತ್ತಿ ನನ್ನ ಹೆಗಲಿಗೆ ಹಾಕಿದಳು.

"ಬರೆದಿದೀನಮ್ಮ. ನಿಂತಿದೆ. ನಾಳೆ ನಾನೇ..."

"ನಿನ್ನೆ ಸಂಜೆ ಬೇರೆ ಯಾರನ್ನೋ ತಗೊಂಡ್ರಂತೆ ಸರ್. ನಾಳೆಯಿಂದ ನಾನು ಕಾರ್ಖಾನೇಲಿ ಹಂಚು ಎಣಿಸೋಕೆ ಹೋಗ್ತೀನಿ. ಅಪ್ಪ ಮಾತಾಡಿದಾರೆ." ಅವಳು ನನ್ನ ಕೈಯಲ್ಲಿದ್ದ ಕಾಗದವನ್ನು ನೋಡಿದಳು, ತೆಗೆದುಕೊಳ್ಳಲಿಲ್ಲ. "ಅದನ್ನ ನೀವೇ ಇಟ್ಕೊಳ್ಳಿ ಸರ್," ಎಂದು ಅಪ್ಪನ ಹಿಂದೆ ಹೊರಟುಹೋದಳು.

ಇಟ್ಟುಕೊಂಡಿದ್ದೇನೆ. ಎರಡು ವರ್ಷವಾಯಿತು. ದಿನಾ ಸಂಜೆ ಹೊತ್ತು ಮುಳುಗಿದ ಮೇಲೆ ಖಾನೆಯಿಂದ ತೆಗೆದು ನೋಡುತ್ತೇನೆ. ಒಂದಕ್ಷರವೂ ಮಾಸಿಲ್ಲ.